ಏಳು ತಿಂಗಳು ನಾನೇ ನೋಡಿಕೊಂಡ ಹುದ್ದೆ ಹೊರಗಿನವರಿಗೆ ಹೋಯಿತು. ಅವರಿಗೆ ಕೆಲಸ ಕಲಿಸಬೇಕಾದವಳೂ ನಾನೇ

ನೀಲಿಕೊಡೆ
ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಮನೆಯಲ್ಲಿ ಹೇಳಿದರೆ "ಹೋಗಲಿ ಬಿಡು" ಅನ್ನುತ್ತಾರೆ. ಆಫೀಸಿನಲ್ಲಿ ಯಾರ ಹತ್ತಿರ ಹೇಳಿಕೊಂಡರೂ ಸಂಜೆಯೊಳಗೆ ಮ್ಯಾನೇಜರ್ ಕಿವಿಗೆ ಬೀಳುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗ್ರಾಹಕರ ದೂರು ನೋಡಿಕೊಳ್ಳುವ ಟೀಮಿನಲ್ಲಿ 6 ವರ್ಷದಿಂದ ಇದ್ದೇನೆ. ನನ್ನನ್ನೂ ಸೇರಿಸಿ 13 ಜನ. ಟೀಮ್ ನಡೆಸುತ್ತಿದ್ದ ಹಿಂದಿನ ಲೀಡ್ ಕೆಲಸ ಬಿಟ್ಟಾಗ ಮ್ಯಾನೇಜರ್ "ಬೇರೆಯವರು ಬರುವ ತನಕ ಸ್ವಲ್ಪ ನೋಡಿಕೋ" ಅಂದರು. ಆ ಸ್ವಲ್ಪ 7 ತಿಂಗಳಾಯಿತು. ಶಿಫ್ಟ್ ಹಾಕಿದ್ದು ನಾನು. ಎಲ್ಲರ ರಜೆ ಹೊಂದಿಸಿದ್ದು ನಾನು. ರಾತ್ರಿ ಎಸ್ಕಲೇಷನ್, ಅಂದರೆ ಕೆಳಗೆ ಬಗೆಹರಿಯದೆ ಮೇಲಕ್ಕೆ ಕಳಿಸಿದ ದೂರು, ಬಂದರೆ ಫೋನ್ ಎತ್ತಿದ್ದು ನಾನು. ತಿಂಗಳ ರಿಪೋರ್ಟ್ ಮಾಡಿಕೊಟ್ಟಿದ್ದೂ ನಾನೇ. ಸಂಬಳ ಮಾತ್ರ ಹಳೆಯದೇ. ಹುದ್ದೆಯ ಹೆಸರೂ ಹಳೆಯದೇ.

ಆಮೇಲೆ ಆ ಲೀಡ್ ಹುದ್ದೆಗೆ ಐಜೆಪಿ ಬಂತು, ಅಂದರೆ ಕಂಪನಿಯೊಳಗೆ ಅರ್ಜಿ ಕರೆಯುವ ಪ್ರಕಟಣೆ. ಒಳಗಿನವರೂ ಹಾಕಬಹುದು, ಹೊರಗಿನವರೂ ಹಾಕಬಹುದು. ಮ್ಯಾನೇಜರ್ ತಾವೇ ನನ್ನ ಟೇಬಲ್ ಹತ್ತಿರ ಬಂದು "ಖಂಡಿತ ಹಾಕು" ಅಂದರು. ಹಾಕಿದೆ. 40 ನಿಮಿಷ ಇಂಟರ್ವ್ಯೂ ಆಯಿತು, ಮೂರು ಜನರ ಪ್ಯಾನೆಲ್. ಚೆನ್ನಾಗಿಯೇ ಆಯಿತು ಅಂದುಕೊಂಡೆ. ಆಮೇಲೆ ಮೂರು ವಾರ ಏನೂ ಸುದ್ದಿ ಇಲ್ಲ.

ಹೋದ ಸೋಮವಾರ ಟೀಮ್ ಮೀಟಿಂಗ್. ಎಲ್ಲರ ಮುಂದೆ "ಮುಂದಿನ ತಿಂಗಳಿಂದ ಹೊಸ ಲೀಡ್ ಬರುತ್ತಾರೆ, ಹೊರಗಿನವರು, ತುಂಬ ಅನುಭವ ಇದೆ" ಅಂತ ಹೇಳಿದರು. ನನಗೆ ಗೊತ್ತಾಗಿದ್ದು ಅಲ್ಲೇ, ಆ ಕ್ಷಣದಲ್ಲಿ. 12 ಜನವೂ ತಿರುಗಿ ನನ್ನ ಮುಖ ನೋಡಿದರು. ನಾನು ನೋಟ್‌ಬುಕ್‌ನಲ್ಲಿ ಏನೋ ಬರೆಯುವ ಹಾಗೆ ತಲೆ ತಗ್ಗಿಸಿ ಕೂತೆ. "ನಿಮ್ಮ ಅರ್ಜಿಯನ್ನು ಈ ಬಾರಿ ಪರಿಗಣಿಸಲಾಗಲಿಲ್ಲ" ಅನ್ನುವ ಮೇಲ್ ಬಂದಿದ್ದು ಬುಧವಾರ. ಎರಡೇ ಸಾಲು.

ಗುರುವಾರ ಮ್ಯಾನೇಜರ್ ಕರೆದರು. ಕಾರಣ ಹೇಳುತ್ತಾರೆ ಅಂದುಕೊಂಡು ಹೋದೆ. ಅವರು ಹೇಳಿದ್ದು ಇದು: "ಹೊಸಬರಿಗೆ ಆರು ವಾರ ಜೊತೆಗಿದ್ದು ಎಲ್ಲ ಹೇಳಿಕೊಡು. ಈ ಕೆಲಸ ನಿನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ."

ಕಾರಣ ಕೇಳಬೇಕು ಅನ್ನಿಸುತ್ತದೆ, ಅಳು ಬಂದುಬಿಡುತ್ತದೇನೋ ಅನ್ನುವ ಭಯ. ಹೇಗೆ ಕೇಳಲಿ? ಮತ್ತೆ ಈ ಕಲಿಸುವ ಕೆಲಸಕ್ಕೆ ಹೂಂ ಅನ್ನಬೇಕಾ?

ಮುಂಗಾರು_ಮೋಡ
ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ಓದಿ ಹೊಟ್ಟೆಯಲ್ಲಿ ಸಂಕಟವಾಯಿತು.

ಕಾಗದದೋಣಿ
ಯಾಕೆ ಕಲಿಸಬೇಕು? ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ ಅಂದಮೇಲೆ ಹುದ್ದೆ ನಿಮಗೆ ಯಾಕಿಲ್ಲ? ಈ ಒಂದು ಪ್ರಶ್ನೆ ಅವರ ಮುಂದೆ ಇಡಿ. ಉತ್ತರ ಬರದಿದ್ದರೆ ರಾಜೀನಾಮೆ ಕೊಡಿ. ನನಗೂ ಹೀಗೇ ಆಗಿತ್ತು. ಎರಡನೇ ದಿನವೇ ಪೇಪರ್ ಹಾಕಿದೆ. ಇವತ್ತಿಗೂ ಬೇಜಾರಿಲ್ಲ.

ಒಂದೇ_ಗೆರೆ
ಕಾಗದದೋಣಿ ಅವರೇ, ನಿಮ್ಮ ಕೈಯಲ್ಲಿ ಆಗ ಬೇರೆ ಕೆಲಸ ಇತ್ತಾ?

ಕಾಗದದೋಣಿ
ಇರಲಿಲ್ಲ. ಐದು ತಿಂಗಳು ಹಿಡಿಯಿತು. ಕಷ್ಟವೇ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಎದ್ದು ಅದೇ ಕಟ್ಟಡಕ್ಕೆ ಹೋಗುವುದಕ್ಕಿಂತ ಅದೇ ಮೇಲು ಅನ್ನಿಸಿತ್ತು.

ಒಂದೇ_ಗೆರೆ
ನೀಲಿಕೊಡೆ ಅವರಿಗೆ ಐದು ತಿಂಗಳು ಸಂಬಳ ಇಲ್ಲದೆ ನಡೆಯುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ. ಕೋಪದಲ್ಲಿ ಇರುವವರಿಗೆ ಕೆಲಸ ಬಿಡಿ ಅಂತ ಹೇಳುವುದು ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ನೇಮಕಾತಿಯವಳು
ನಾನು 11 ವರ್ಷದಿಂದ ಎಚ್‌ಆರ್‌ನಲ್ಲಿ, ಅದರಲ್ಲೂ ನೇಮಕಾತಿಯಲ್ಲೇ ಇದ್ದೇನೆ. ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ನಿಮ್ಮ ಮ್ಯಾನೇಜರ್ ಮಾಡಿದ್ದು ಸರಿ ಅಂತ ಹೇಳಲು ಅಲ್ಲ. ಏನಾಗಿರಬಹುದು ಅಂತ ಗೊತ್ತಿದ್ದರೆ ಪ್ರಶ್ನೆ ಕೇಳುವುದು ಸುಲಭ, ಅದಕ್ಕೆ.

ಆ ಮೂರು ವಾರದ ಮೌನಕ್ಕೆ ಬಹುತೇಕ ಒಂದೇ ಕಾರಣ ಇರುತ್ತದೆ. ಪ್ಯಾನೆಲ್ ಒಬ್ಬರನ್ನು ಮೊದಲು, ಇನ್ನೊಬ್ಬರನ್ನು ಎರಡನೆಯದಾಗಿ ಬರೆದುಕೊಡುತ್ತದೆ. ಮೊದಲನೆಯವರಿಗೆ ಆಫರ್ ಹೋಗುತ್ತದೆ. ಅವರು ಸಂಬಳ ಚರ್ಚೆ ಮಾಡಿ, ಸಹಿ ಹಾಕಿ, ಹಳೆಯ ಕಡೆ ರಾಜೀನಾಮೆ ಕೊಟ್ಟಿದ್ದೇನೆ ಅನ್ನುವ ತನಕ ಎರಡನೆಯವರಿಗೆ ಯಾರೂ ಏನೂ ಹೇಳುವುದಿಲ್ಲ. ಮೊದಲನೆಯವರು ಕೈಕೊಟ್ಟರೆ ಬೇಕಾಗುತ್ತದಲ್ಲ. ಹಾಗೆ ನೋಡಿದರೆ ನೀವು ಎರಡನೆಯವರಾಗಿದ್ದಿರಬಹುದು.

ಮೇಲ್ ವಿಚಾರ. ಎರಡು ಸಾಲಿನ ಆ ಮೇಲ್ ಸಾಮಾನ್ಯವಾಗಿ ಮನುಷ್ಯರು ಬರೆದದ್ದಲ್ಲ. ನೇಮಕಾತಿ ತಂತ್ರಾಂಶದಲ್ಲಿ ಆ ಹುದ್ದೆಯನ್ನು "ಮುಚ್ಚಲಾಗಿದೆ" ಅಂತ ಗುರುತು ಮಾಡಿದ ಕೂಡಲೇ ಉಳಿದ ಎಲ್ಲ ಅರ್ಜಿದಾರರಿಗೂ ತಾನಾಗಿ ಹೋಗುತ್ತದೆ. ಹೊರಗಿನ ಇನ್ನೂರು ಜನಕ್ಕೆ ಹೋದದ್ದೇ ನಿಮಗೂ ಬಂದಿದೆ. ಅದಕ್ಕೆ ಮುಂಚೆ ಮ್ಯಾನೇಜರ್ ಕರೆದು ಹೇಳಬೇಕು. ಇದು ನಮ್ಮಲ್ಲಿ ಮೊದಲ ನಿಯಮ: ಒಳಗಿನವರಿಗೆ ಮೇಲ್ ಹೋಗುವ ಮೊದಲು ಮಾತು ಆಗಬೇಕು. ನಿಮ್ಮಲ್ಲಿ ಅದನ್ನು ಮಾಡಿಲ್ಲ. ಅದು ದೊಡ್ಡ ತಪ್ಪು. ನಾನಾಗಿದ್ದರೆ ಆ ಮ್ಯಾನೇಜರ್ ಹತ್ತಿರ ನೇರವಾಗಿ ಹೇಳುತ್ತಿದ್ದೆ.

ಇನ್ನು ಆಯ್ಕೆ. ಪ್ಯಾನೆಲ್ ಮುಂದೆ ಒಂದು ಅಂಕಪಟ್ಟಿ ಇರುತ್ತದೆ. ಪ್ರತಿ ಪ್ರಶ್ನೆಗೆ 1ರಿಂದ 5. ನೀವು ಬಾಯಿಬಿಟ್ಟು ಹೇಳಿದ್ದಕ್ಕೆ ಮಾತ್ರ ಅಂಕ. ಒಳಗಿನವರು ಮಾಡುವ ದೊಡ್ಡ ತಪ್ಪು ಇದೇ: "ಇವರಿಗೆ ನನ್ನ ಕೆಲಸ ಗೊತ್ತೇ ಇದೆಯಲ್ಲ" ಅಂದುಕೊಂಡು ಚುಟುಕಾಗಿ ಉತ್ತರ ಕೊಡುತ್ತಾರೆ. ಹೊರಗಿನವರು ಮೊದಲಿಂದ ಕೊನೆಯ ತನಕ ಬಿಡಿಸಿ ಹೇಳುತ್ತಾರೆ. ಹಾಳೆಯ ಮೇಲೆ ಅವರ ಅಂಕ ಜಾಸ್ತಿ ಬೀಳುತ್ತದೆ.

ಮುಂಗಾರು_ಮೋಡ
ಅಂದರೆ ಹೊರಗಿನವರು ಕೈಕೊಟ್ಟರೆ ಇರಲಿ ಅಂತ ಇವರನ್ನು ಮೂರು ವಾರ ಕಾಯಿಸಿದರು. ಅವರ ಬದುಕು ಬದುಕಲ್ಲವಾ?

ನೇಮಕಾತಿಯವಳು
ಹೌದು. ಹಾಗೇ ಆಗುತ್ತದೆ. ಕನಿಷ್ಠ "ಇನ್ನೂ ತೀರ್ಮಾನ ಆಗಿಲ್ಲ, ಬೇರೆ ಒಬ್ಬರೂ ಇದ್ದಾರೆ" ಅಂತ ಹೇಳಬಹುದು. ಹೇಳಿದರೆ ಏನೂ ಕೆಡುವುದಿಲ್ಲ. ಹೇಳಲು ಮುಜುಗರ, ಅಷ್ಟೇ.

ನೀಲಿಕೊಡೆ
ನೇಮಕಾತಿಯವಳು, ನೀವು ಬರೆದದ್ದು ಮೂರು ಸಲ ಓದಿದೆ. ಇಂಟರ್ವ್ಯೂನಲ್ಲಿ ನನ್ನ ಮ್ಯಾನೇಜರ್ ಎದುರಿಗೇ ಕೂತಿದ್ದರು. "ಕಷ್ಟದ ಪರಿಸ್ಥಿತಿಯನ್ನು ನಿಭಾಯಿಸಿದ ಒಂದು ಉದಾಹರಣೆ ಕೊಡಿ" ಅಂತ ಕೇಳಿದರು. ನಾನು "ಸರ್, ಆ ಸರ್ವರ್ ಕೆಟ್ಟ ವಾರ ನಿಮಗೇ ಗೊತ್ತಲ್ಲ, ನಾವೆಲ್ಲ ಸೇರಿ ಹೇಗೋ ಸುಧಾರಿಸಿದೆವು" ಅಂದೆ. ಅಷ್ಟೇ ಹೇಳಿದೆ. ಈಗ ನೆನಪಾಗುತ್ತಿದೆ.

ಹತ್ತನೇ_ಬೆಂಚು
ಅಯ್ಯೋ, ಈ "ನಾವು"! ಇದರ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯಲೇಬೇಕು. ನಾನೂ ಪ್ಯಾನೆಲ್‌ನಲ್ಲಿ ಕೂರುತ್ತೇನೆ.

ನಮಗೆ "ನಾನು ಮಾಡಿದೆ" ಅನ್ನಲು ಬಾಯಿ ಬರುವುದಿಲ್ಲ. ಜಂಬದ ಮಾತು ಅನ್ನಿಸುತ್ತದೆ. ಅದಕ್ಕೇ "ನಾವು ಮಾಡಿದೆವು", ಇಲ್ಲವೇ ಇನ್ನೂ ಹಿಂದೆ ಸರಿದು "ಆಯಿತು", "ಸರಿಹೋಯಿತು" ಅನ್ನುತ್ತೇವೆ. ಕನ್ನಡದಲ್ಲಿ ಯಾರ ಹೆಸರನ್ನೂ ಎತ್ತದೆ ಇಡೀ ಕತೆ ಹೇಳಿ ಮುಗಿಸಬಹುದು. ಜೊತೆಯವರ ಹತ್ತಿರ ಮಾತಾಡುವಾಗ ಅದು ಒಳ್ಳೆಯ ಗುಣವೇ. ಆದರೆ ಅಂಕ ಹಾಕುವವನು ಪೆನ್ ಹಿಡಿದು ಕೂತಾಗ ಅವನಿಗೆ ಬೇಕಾಗಿರುವುದು ಒಂದೇ: ಇದರಲ್ಲಿ ಈ ವ್ಯಕ್ತಿ ಮಾಡಿದ್ದೇನು?

ಆ ಸರ್ವರ್ ವಾರವನ್ನೇ ಹೀಗೆ ಹೇಳಿ ನೋಡಿ. ಏನಾಗಿತ್ತು: ಇಂಥ ದಿನ ಸರ್ವರ್ ಕೆಟ್ಟು ಇಷ್ಟು ದೂರು ಒಂದೇ ಸಲ ಬಂದವು. ನಿಮ್ಮ ಹೊಣೆ ಏನಿತ್ತು: ಲೀಡ್ ಇಲ್ಲ, ಯಾರು ಯಾವುದನ್ನು ಹಿಡಿಯಬೇಕು ಅಂತ ನೀವೇ ತೀರ್ಮಾನಿಸಬೇಕಿತ್ತು. ನೀವು ಏನು ಮಾಡಿದಿರಿ: ಮೊದಲ ಅರ್ಧ ಗಂಟೆಯಲ್ಲಿ ಯಾರನ್ನು ಎಲ್ಲಿ ಕೂರಿಸಿದಿರಿ, ಯಾರಿಗೆ ಫೋನ್ ಮಾಡಿದಿರಿ, ಗ್ರಾಹಕರಿಗೆ ಏನು ಹೇಳಿಸಿದಿರಿ. ಕೊನೆಗೆ ಏನಾಯಿತು: ಎಷ್ಟು ಹೊತ್ತಿನಲ್ಲಿ ಎಷ್ಟು ದೂರು ಮುಗಿದವು. ಇದನ್ನೇ ಸ್ಟಾರ್ ವಿಧಾನ ಅನ್ನುತ್ತಾರೆ. ಎರಡು ನಿಮಿಷದ ಉತ್ತರ. ಜಂಬ ಎಲ್ಲೂ ಇಲ್ಲ. ನಡೆದದ್ದನ್ನೇ ನಡೆದ ಹಾಗೆ ಹೇಳಿದ್ದೀರಿ.

ಮುಂದಿನ ಸಲ ಹೋಗುವ ಮುಂಚೆ ಇಂಥ ಆರು ಕತೆ ಬರೆದಿಟ್ಟುಕೊಳ್ಳಿ. ಒಳಗಿನವರು ಎದುರಿಗಿದ್ದರೂ, ಅವರು ನಿಮ್ಮನ್ನು ಇವತ್ತೇ ಮೊದಲ ಸಲ ನೋಡುತ್ತಿದ್ದಾರೆ ಅಂದುಕೊಂಡು ಹೇಳಿ.

ಕಾಗದದೋಣಿ
ಒಪ್ಪುವುದಿಲ್ಲ. ಆರು ವರ್ಷ ಕಣ್ಣಮುಂದೆ ಕೆಲಸ ಮಾಡಿದವರನ್ನು 40 ನಿಮಿಷದ ಮಾತಿನಲ್ಲಿ ಅಳೆಯುವುದೇ ತಪ್ಪು. ತಪ್ಪು ಪದ್ಧತಿಯದ್ದು. ನೀವು ಅದನ್ನು ಇವರ ತಲೆಗೆ ಕಟ್ಟುತ್ತಿದ್ದೀರಿ.

ಹತ್ತನೇ_ಬೆಂಚು
ತಲೆಗೆ ಕಟ್ಟುತ್ತಿಲ್ಲ. ಪದ್ಧತಿ ನಾಳೆಯೇ ಬದಲಾಗುವುದಿಲ್ಲ. ಇವರ ಮುಂದಿನ ಇಂಟರ್ವ್ಯೂ ಬೇಗ ಬರಬಹುದು. ಮತ್ತೆ, ಎಲ್ಲರಿಗೂ ಒಂದೇ ಪ್ರಶ್ನೆ, ಎಲ್ಲರಿಗೂ ಒಂದೇ ಅಂಕಪಟ್ಟಿ ಅನ್ನುವುದು ಬಂದಿದ್ದೇ ಮ್ಯಾನೇಜರ್‌ಗೆ ಬೇಕಾದವರಿಗೆ ಕೆಲಸ ಸಿಗುವುದನ್ನು ತಡೆಯಲು. ಸುಮ್ನೆ "ನನಗೆ ಗೊತ್ತು, ಇವನು ಒಳ್ಳೆಯವನು" ಅಂತ ಕೊಡುವ ಕಾಲ ಇದಕ್ಕಿಂತ ಕೆಟ್ಟದಾಗಿತ್ತು.

ಲೆಕ್ಕದಪುಸ್ತಕ
ಇದರ ಬಗ್ಗೆ ಒಳ್ಳೆಯ ಅಧ್ಯಯನಗಳೇ ಇವೆ. ಜೆ. ಆರ್. ಕೆಲ್ಲರ್ ಮತ್ತು ಕ್ಯಾಥರಿನ್ ಡ್ಲೂಗೋಸ್ ಅನ್ನುವ ಸಂಶೋಧಕರು ಅಮೆರಿಕದ ಒಂದು ದೊಡ್ಡ ಕಂಪನಿಯಲ್ಲಿ ಐದು ವರ್ಷದ ದಾಖಲೆ ಹಿಡಿದು ನೋಡಿದರು. ಒಳಗಿನ ಹುದ್ದೆಗೆ ಅರ್ಜಿ ಹಾಕಿ ಸಿಗದ 9,000ಕ್ಕೂ ಹೆಚ್ಚು ಪ್ರಸಂಗಗಳು. ಹಾಗೆ ಸಿಗದವರು ಕೆಲಸ ಬಿಟ್ಟುಹೋಗುವ ಸಾಧ್ಯತೆ, ಹುದ್ದೆ ಸಿಕ್ಕವರಿಗೆ ಅಥವಾ ಅರ್ಜಿಯನ್ನೇ ಹಾಕದವರಿಗೆ ಹೋಲಿಸಿದರೆ, ಹತ್ತಿರ ಹತ್ತಿರ ಎರಡು ಪಟ್ಟು.

ಅದಕ್ಕಿಂತ ಮುಖ್ಯವಾದದ್ದು ಮುಂದಿದೆ. ಆ ಹುದ್ದೆಗೆ ಆಯ್ಕೆ ಮಾಡುವ ಮ್ಯಾನೇಜರ್ ಜೊತೆ ಇಂಟರ್ವ್ಯೂ ತನಕ ಹೋದವರು, ಅದಕ್ಕೂ ಮುಂಚೆಯೇ ಕೈಬಿಟ್ಟವರಿಗಿಂತ, ಬಿಟ್ಟುಹೋಗುವ ಸಾಧ್ಯತೆ ಅರ್ಧದಷ್ಟು. ಹುದ್ದೆ ಒಳಗಿನವರೊಬ್ಬರಿಗೆ ಹೋಗಿದ್ದರೂ ಅಷ್ಟೇ, ಹೊರಗಿನವರಿಗೆ ಹೋದದ್ದಕ್ಕೆ ಹೋಲಿಸಿದರೆ ಅರ್ಧ. ಯಾಕೆ ಅಂದರೆ ಒಳಗಿನವರಿಗೆ ಸಿಕ್ಕರೆ "ಇವತ್ತು ಅವರಿಗೆ, ನಾಳೆ ನನಗೆ" ಅನ್ನುವ ದಾರಿ ಕಾಣುತ್ತದೆ. ಹೊರಗಿನವರು ಬಂದರೆ ಬಾಗಿಲು ಮುಚ್ಚಿದ ಹಾಗೆ.

ಇನ್ನೊಂದು. ಮ್ಯಾಥ್ಯೂ ಬಿಡ್ವೆಲ್ ಅನ್ನುವ ಪ್ರಾಧ್ಯಾಪಕರು 2011ರಲ್ಲಿ ಒಂದು ಹೂಡಿಕೆ ಬ್ಯಾಂಕಿನ ದಾಖಲೆಗಳ ಮೇಲೆ ಬರೆದದ್ದು. ಒಂದೇ ಬಗೆಯ ಹುದ್ದೆಗೆ ಹೊರಗಿನಿಂದ ಬಂದವರಿಗೆ, ಒಳಗಿನಿಂದ ಬಡ್ತಿ ಪಡೆದವರಿಗಿಂತ ಸುಮಾರು 18ರಿಂದ 20 ಪ್ರತಿಶತ ಜಾಸ್ತಿ ಸಂಬಳ. ಆದರೆ ಮೊದಲ ಎರಡು ವರ್ಷ ಅವರ ರೇಟಿಂಗ್ ಒಳಗಿನವರಿಗಿಂತ ಕಡಿಮೆ.

ಒಂದೇ_ಗೆರೆ
ಎರಡೂ ಒಂದೊಂದು ಕಂಪನಿಯ ಲೆಕ್ಕ. ಎಲ್ಲ ಕಡೆಗೂ ಹೊಂದುತ್ತದೆ ಅನ್ನಲು ಆಗುವುದಿಲ್ಲ.

ಲೆಕ್ಕದಪುಸ್ತಕ
ನಿಜ, ಒಪ್ಪುತ್ತೇನೆ. ಆದರೆ ಇಲ್ಲಿ ಬರೆದವರ ಅನುಭವವನ್ನೇ ನೋಡಿ. ಹಾಗೇ ಇದೆ, ಅಲ್ವಾ?

ಸಾಲುಮರ
ಒಳ್ಳೆಯ ಕೆಲಸಗಾರರೆಲ್ಲ ಒಳ್ಳೆಯ ಲೀಡ್ ಆಗಬೇಕೆಂದಿಲ್ಲ. 1969ರಲ್ಲೇ ಲಾರೆನ್ಸ್ ಪೀಟರ್ ಹೇಳಿದ್ದರು: ಒಬ್ಬರನ್ನು ಮೇಲೇರಿಸುತ್ತಾ ಹೋದರೆ ಅವರಿಗೆ ಬಾರದ ಕೆಲಸದಲ್ಲಿ ಹೋಗಿ ನಿಲ್ಲುತ್ತಾರೆ ಅಂತ. ಕಂಪನಿ ಆ ಅಪಾಯ ತಪ್ಪಿಸಿರಬಹುದು.

ಮುಂಗಾರು_ಮೋಡ
ಆ ಮಾತು ಇಲ್ಲಿಗೆ ಹೇಗೆ ಹೊಂದುತ್ತದೆ? ಇವರು ಲೀಡ್ ಕೆಲಸವನ್ನೇ 7 ತಿಂಗಳು ಮಾಡಿ ತೋರಿಸಿದ್ದಾರೆ. ಬರುತ್ತದೋ ಇಲ್ಲವೋ ಅಂತ ಊಹಿಸಬೇಕಾಗಿಯೇ ಇಲ್ಲ. ಹೊಸಬರ ವಿಚಾರದಲ್ಲೇ ಊಹೆ ಇರುವುದು.

ಸಾಲುಮರ
ಇದು ಸರಿಯಾದ ಮಾತು. ನಾನು ಪೂರ್ತಿ ಯೋಚಿಸದೆ ಬರೆದೆ.

ಬಿಳಿಕೋಟು
ನಾನು ನರ್ಸ್. ನಮ್ಮ ವಾರ್ಡಿನಲ್ಲಿ ಇನ್‌ಚಾರ್ಜ್ ಹುದ್ದೆ ಖಾಲಿಯಾದಾಗ ಒಂದು ವರ್ಷ ನಾನೇ ಕೀಲಿಕೈ ಇಟ್ಟುಕೊಂಡಿದ್ದೆ. ಔಷಧಿ ಲೆಕ್ಕ, ಡ್ಯೂಟಿ ಪಟ್ಟಿ, ಹೊಸಬರಿಗೆ ಕೆಲಸ ಹೇಳಿಕೊಡುವುದು, ಎಲ್ಲ. ಅರ್ಜಿ ಹಾಕಿದೆ. ಬೇರೆ ವಾರ್ಡಿನವರಿಗೆ ಕೊಟ್ಟರು. ನನಗೆ ಹೇಗೆ ಗೊತ್ತಾಯಿತು ಗೊತ್ತಾ? ಅವರೇ ಬಂದು "ಕೀಲಿಕೈ ಕೊಡಿ" ಅಂತ ಕೈ ಚಾಚಿದರು. ಅವರಿಗೂ ನನಗೆ ಹೇಳಿಲ್ಲ ಅನ್ನುವುದು ಗೊತ್ತಿರಲಿಲ್ಲ. ಪಾಪ, ಅವರೂ ಅಲ್ಲೇ ಕಲ್ಲಿನ ಹಾಗೆ ನಿಂತುಬಿಟ್ಟರು.

ಹುದ್ದೆ ಸಿಗದಿದ್ದದ್ದು ಒಂದು ತಿಂಗಳಲ್ಲಿ ಮರೆತೆ. ಆ ಕೈ ಚಾಚಿದ್ದು ಇನ್ನೂ ಮರೆತಿಲ್ಲ. ನಿಮ್ಮ ಸೋಮವಾರದ ಮೀಟಿಂಗ್ ಓದಿದಾಗ ಅದೇ ನೆನಪಾಯಿತು.

ನೀಲಿಕೊಡೆ
ಬಿಳಿಕೋಟು ಅವರೇ, ಇಲ್ಲಿಯ ತನಕ ಅಳು ತಡೆದುಕೊಂಡಿದ್ದೆ.

ಮೂರನೇಮಹಡಿ
ನಾನು ಆ ಕಡೆಯವನು. ಅಂದರೆ ಒಳಗಿನವರನ್ನು ಬೇಡ ಅಂದವನು. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ.

ಕೆಲವು ವರ್ಷದ ಹಿಂದೆ ನನ್ನ ಟೀಮಿನ ಒಬ್ಬ ಹುಡುಗ ಸೀನಿಯರ್ ಹುದ್ದೆಗೆ ಅರ್ಜಿ ಹಾಕಿದ. ಕೆಲಸದಲ್ಲಿ ಚಿನ್ನ. ಆದರೆ ನನಗೆ ಬೇಕಾಗಿದ್ದದ್ದು ಬೇರೆ ವಿಭಾಗಗಳ ಜೊತೆ ಕೂತು ವಾದ ಮಾಡಿ ಕೆಲಸ ತೆಗೆಸುವವರು. ಅವನು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಇನ್ನೊಬ್ಬರನ್ನು ತೆಗೆದುಕೊಂಡೆ. ಆ ತೀರ್ಮಾನ ಇವತ್ತಿಗೂ ಸರಿ ಅನ್ನಿಸುತ್ತದೆ.

ತಪ್ಪು ಮಾಡಿದ್ದು ಆಮೇಲೆ. ಅವನಿಗೆ ಹೇಗೆ ಹೇಳಲಿ ಅಂತ ಮುಂದೆ ಹಾಕಿದೆ. ಶುಕ್ರವಾರ ಹೇಳೋಣ, ಸೋಮವಾರ ಹೇಳೋಣ ಅಂತ. ಅಷ್ಟರಲ್ಲಿ ಸುದ್ದಿ ಹೊರಗೆ ಬಂತು. ಕೊನೆಗೆ ಕರೆದು "ನೀನು ತುಂಬ ಹತ್ತಿರ ಬಂದಿದ್ದೆ, ಮುಂದಿನ ಸಲ ನೋಡೋಣ" ಅಂದೆ. ಯಾವುದರಲ್ಲಿ ಕಡಿಮೆ ಬಿತ್ತು ಅಂತ ಹೇಳಲಿಲ್ಲ. ನೋವಾಗುತ್ತದೆ ಅಂತ. ನಿಜ ಹೇಳಬೇಕೆಂದರೆ ನನಗೆ ಧೈರ್ಯ ಇರಲಿಲ್ಲ. ನಾಲ್ಕು ತಿಂಗಳಿಗೆ ಅವನು ಬಿಟ್ಟುಹೋದ. ಹೋಗುವ ದಿನ ಕೇಳಿದ: "ನಾನು ಏನು ಕಲಿತಿದ್ದರೆ ಸಿಗುತ್ತಿತ್ತು?" ಹೇಳಿದೆ. "ಇದನ್ನು ಆವತ್ತೇ ಹೇಳಿದ್ದರೆ ನಾಲ್ಕು ತಿಂಗಳಲ್ಲಿ ಕಲಿಯುತ್ತಿದ್ದೆ" ಅಂದ.

ಈಗ ಯಾರನ್ನು ಬೇಡ ಅಂದರೂ ಅದೇ ದಿನ ಕರೆದು, ಬೇಕಾಗಿದ್ದದ್ದು ಏನು, ನಿನ್ನಲ್ಲಿ ಕಂಡದ್ದು ಏನು, ಕಾಣದೆ ಹೋದದ್ದು ಏನು ಅಂತ ಹೇಳುತ್ತೇನೆ. ಕೆಟ್ಟ 20 ನಿಮಿಷ ಅದು. ಆದರೂ ಹೇಳುತ್ತೇನೆ.

ನೀಲಿಕೊಡೆ ಅವರೇ, ಕೇಳುವಾಗ "ನನಗೆ ಯಾಕೆ ಸಿಗಲಿಲ್ಲ" ಅಂತ ಶುರು ಮಾಡಬೇಡಿ. ಮ್ಯಾನೇಜರ್ ಕೂಡಲೇ ತನ್ನನ್ನು ಸಮರ್ಥಿಸಿಕೊಳ್ಳಲು ಶುರುಮಾಡುತ್ತಾನೆ. "ಆಯ್ಕೆಯಾದವರಲ್ಲಿ ಇದ್ದು ನನ್ನ ಉತ್ತರಗಳಲ್ಲಿ ಕಾಣದ ಎರಡು ವಿಷಯ ಹೇಳಿ" ಅಂತ ಕೇಳಿ. ಎರಡು ಅಂತ ಲೆಕ್ಕ ಹೇಳಿದರೆ ಜಾರಿಕೊಳ್ಳುವುದು ಕಷ್ಟ. ಉತ್ತರ ಬರುವ ತನಕ ಸುಮ್ಮನೆ ಕಾಯಿರಿ. ಆ ಮೌನವನ್ನು ನೀವು ತುಂಬಲು ಹೋಗಬೇಡಿ.

ನೇಮಕಾತಿಯವಳು
ಮೂರನೇಮಹಡಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅಳು ಬರುತ್ತದೆ ಅನ್ನುವ ಭಯ ಇದ್ದರೆ ಪ್ರಶ್ನೆಗಳನ್ನು ಮೊದಲೇ ಮೇಲ್ ಮಾಡಿ, ಆಮೇಲೆ ಕೂತು ಮಾತಾಡಿ. ಅವರೂ ಯೋಚಿಸಿಕೊಂಡು ಬರುತ್ತಾರೆ. ಕೈಯಲ್ಲಿ ಕಾಗದ ಇದ್ದರೆ ನೋಡಿ ಓದಬಹುದು. ಅತ್ತರೂ ಪರವಾಗಿಲ್ಲ. ನನ್ನ ಮುಂದೆ ಎಷ್ಟೋ ಜನ ಅತ್ತಿದ್ದಾರೆ, ಯಾರ ಬಗ್ಗೆಯೂ ಕಡಿಮೆ ಅನ್ನಿಸಿಲ್ಲ.

ಗಡಿಯಾರದಮುಳ್ಳು
ಬೇರೆ ಪ್ರಶ್ನೆ, ಕ್ಷಮಿಸಿ. ನಾನು ಬೇರೆ ವಿಭಾಗಕ್ಕೆ ಐಜೆಪಿ ಹಾಕಬೇಕು ಅಂತಿದ್ದೇನೆ. ಈಗಿನ ಮ್ಯಾನೇಜರ್‌ಗೆ ಮೊದಲೇ ಹೇಳಬೇಕಾ, ಸಿಕ್ಕಮೇಲೆ ಹೇಳಬೇಕಾ?

ಒಂದೇ_ಗೆರೆ
ಮೊದಲೇ ಹೇಳಿ. ಹೇಗೂ ಗೊತ್ತಾಗುತ್ತದೆ.

ಕಾಗದದೋಣಿ
ಹೇಳಲೇಬೇಡಿ. ನಾನು ಹೇಳಿದೆ, ಆ ವರ್ಷದ ಅಪ್ರೈಸಲ್‌ನಲ್ಲಿ, ಅಂದರೆ ಕೆಲಸದ ಮೌಲ್ಯಮಾಪನದಲ್ಲಿ, "ಇವನಿಗೆ ಇಲ್ಲಿ ಮನಸ್ಸಿಲ್ಲ" ಅಂತ ಬಂತು.

ನೇಮಕಾತಿಯವಳು
ನಿಯಮ ಓದಿ. ಕೆಲವು ಕಡೆ ಅರ್ಜಿ ಹಾಕಿದ ಕೂಡಲೇ ಮ್ಯಾನೇಜರ್‌ಗೆ ತಾನಾಗಿ ಸೂಚನೆ ಹೋಗುತ್ತದೆ. ಕೆಲವು ಕಡೆ ಆಯ್ಕೆ ಆದಮೇಲೆ ಮಾತ್ರ. ತಾನಾಗಿ ಹೋಗುತ್ತದೆ ಅಂತಿದ್ದರೆ ನೀವೇ ಮೊದಲು ಹೇಳುವುದು ಒಳ್ಳೆಯದು. ಹಾಗೆಯೇ ಈಗಿನ ಹುದ್ದೆಯಲ್ಲಿ ಕನಿಷ್ಠ ಎಷ್ಟು ತಿಂಗಳು ಇರಬೇಕು, ಆಯ್ಕೆಯಾದರೆ ಎಷ್ಟು ದಿನದೊಳಗೆ ಹಳೆಯ ವಿಭಾಗ ನಿಮ್ಮನ್ನು ರಿಲೀಸ್ ಮಾಡಬೇಕು, ಅಂದರೆ ಬಿಟ್ಟುಕೊಡಬೇಕು ಅನ್ನುವುದೂ ಅಲ್ಲೇ ಬರೆದಿರುತ್ತದೆ. ರಿಲೀಸ್ ದಿನ ಬರೆದಿಲ್ಲದ ಕಡೆ ಆಯ್ಕೆಯಾದರೂ ಆರು ತಿಂಗಳು ಹಿಡಿದಿಟ್ಟುಕೊಂಡದ್ದು ನೋಡಿದ್ದೇನೆ.

ಗಡಿಯಾರದಮುಳ್ಳು
ಈ ರಿಲೀಸ್ ವಿಚಾರ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್.

ಹೆಜ್ಜೆಗುರುತು
ಮತ್ತೆ ಮೂಲ ವಿಚಾರಕ್ಕೆ. 7 ತಿಂಗಳು ಲೀಡ್ ಕೆಲಸ ಮಾಡಿದ್ದಕ್ಕೆ ಏನಾದರೂ ಬರಹದಲ್ಲಿ ಇದೆಯಾ? ಒಂದು ಮೇಲ್ ಆದರೂ? ಎಷ್ಟೋ ಕಡೆ ಮೇಲಿನ ಹುದ್ದೆಯ ಹೊಣೆ ಹೊತ್ತರೆ ಭತ್ಯೆ ಕೊಡುವ ನಿಯಮ ಇರುತ್ತದೆ, ಆದರೆ ಅದಕ್ಕೆ ಆದೇಶ ಬೇಕು. "ಸ್ವಲ್ಪ ನೋಡಿಕೋ" ಅನ್ನುವ ಬಾಯಿಮಾತಿಗೆ ಏನೂ ಬರುವುದಿಲ್ಲ. ಯಾರಾದರೂ ಹೀಗೆ ಹೊಣೆ ಕೊಟ್ಟರೆ ಅವತ್ತೇ ಒಂದು ಮೇಲ್ ಹಾಕಿ: "ನಿಮ್ಮ ಮಾತಿನಂತೆ ಇಂದಿನಿಂದ ನಾನು ಇದು, ಇದು, ಇದು ನೋಡಿಕೊಳ್ಳುತ್ತೇನೆ. ಮೂರು ತಿಂಗಳಿಗೆ ಮತ್ತೆ ಮಾತಾಡೋಣ." ಅಷ್ಟು ಸಾಕು.

ನೀಲಿಕೊಡೆ
ಮೇಲ್ ಇಲ್ಲ. ಆದರೆ 7 ರಿಪೋರ್ಟ್ ಇವೆ, ನನ್ನ ಹೆಸರಿನಲ್ಲಿ ಕಳಿಸಿದ್ದು. ಶಿಫ್ಟ್ ಪಟ್ಟಿಗಳೂ ಇವೆ.

ಹೆಜ್ಜೆಗುರುತು
ಅದು ಸಾಕು. ಪಟ್ಟಿ ಮಾಡಿ. ತಿಂಗಳುವಾರು ಎಷ್ಟು ದೂರು, ಎಷ್ಟು ಹೊತ್ತಿನಲ್ಲಿ ಮುಗಿದವು, ನೀವು ವಹಿಸಿಕೊಳ್ಳುವ ಮುಂಚೆ ಎಷ್ಟಿತ್ತು. ಈ ವರ್ಷದ ಅಪ್ರೈಸಲ್‌ಗೆ ಹಾಕಿ. ಬೇರೆ ಕಡೆ ಅರ್ಜಿ ಹಾಕಿದರೂ ಇದೇ ಬೇಕಾಗುತ್ತದೆ.

ದಾರಿಹೋಕ_27
ನಾನು ಹೊರಗಿನಿಂದ ಬಂದವನು. ಅಂದರೆ ನೀಲಿಕೊಡೆ ಅವರ ಟೀಮಿಗೆ ಅಲ್ಲ, ಇಂಥದ್ದೇ ಇನ್ನೊಂದು ಕಡೆಗೆ. ನನ್ನ ಮಾತನ್ನೂ ಕೇಳಿ.

ಸೇರಿದ ಮೊದಲ ದಿನವೇ ಏನೋ ಸರಿಯಿಲ್ಲ ಅನ್ನಿಸಿತು. ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು, ಅದಕ್ಕಿಂತ ಒಂದು ಮಾತೂ ಜಾಸ್ತಿ ಇಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಒಬ್ಬರು ಕೆಲಸ ಹೇಳಿಕೊಡುತ್ತಿದ್ದರು, ಆದರೆ ಕಣ್ಣು ಎತ್ತಿ ನೋಡುತ್ತಿರಲಿಲ್ಲ. ನನಗೆ ಸೊಕ್ಕು ಅಂದುಕೊಂಡಿದ್ದಾರಾ, ನನ್ನ ಮಾತಿನ ಧಾಟಿ ಸರಿಯಿಲ್ಲವಾ ಅಂತ ರಾತ್ರಿಯೆಲ್ಲ ಯೋಚಿಸಿದ್ದೇನೆ. ಎರಡು ತಿಂಗಳ ನಂತರ ಬೇರೆ ಯಾರೋ ಹೇಳಿದರು: ಈ ಹುದ್ದೆಗೆ ಅವರೂ ಅರ್ಜಿ ಹಾಕಿದ್ದರು ಅಂತ. ನನ್ನನ್ನು ಆರಿಸಿದವರು ಇದನ್ನು ನನಗೆ ಮೊದಲೇ ಹೇಳಬೇಕಿತ್ತು. ಗೊತ್ತಿದ್ದರೆ ನಾನು ಅವರ ಜೊತೆ ಬೇರೆ ರೀತಿ ಶುರು ಮಾಡುತ್ತಿದ್ದೆ. ಮೊದಲ ವಾರವೇ "ಇಲ್ಲಿ ಎಲ್ಲ ಬದಲಾಯಿಸಬೇಕು" ಅಂತ ಮೀಟಿಂಗ್‌ನಲ್ಲಿ ಹೇಳಿಬಿಟ್ಟಿದ್ದೆ. ಆ "ಎಲ್ಲ" ಅವರು ಕಟ್ಟಿದ್ದು.

ಕಲಿಸಬೇಕಾ ಅಂತ ಕೇಳಿದ್ದೀರಿ. ಬರುವವರು ನಿಮ್ಮ ಹುದ್ದೆ ಕಿತ್ತುಕೊಂಡಿಲ್ಲ. ಅವರಿಗೆ ನೀವು ಇದ್ದೀರಿ ಅನ್ನುವುದೂ ಗೊತ್ತಿಲ್ಲದೆ ಇರಬಹುದು.

ಕಾಗದದೋಣಿ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಆ ಹೊಸಬರ ಮುಖವನ್ನೂ ನೋಡದೆ ಹೊರಟು ಬಂದೆ. ಅವರ ಬಗ್ಗೆ ಯೋಚಿಸಿರಲೇ ಇಲ್ಲ.

ಹತ್ತನೇ_ಬೆಂಚು
ಆದರೂ ಆರು ವಾರ ಜಾಸ್ತಿ ಅನ್ನಿಸುತ್ತದೆ. ಹ್ಯಾಂಡೋವರ್ ಮಾಡಿ, ಅಂದರೆ ಕೆಲಸ ಒಪ್ಪಿಸಿಕೊಡಿ, ಆದರೆ ಅದಕ್ಕೆ ಗಡಿ ಹಾಕಿ. ಏನೇನು ಕಲಿಸುತ್ತೀರಿ, ಯಾವ ದಿನಕ್ಕೆ ಮುಗಿಯುತ್ತದೆ, ಆ ದಿನದಿಂದ ರಾತ್ರಿ ಫೋನ್ ಯಾರಿಗೆ ಹೋಗುತ್ತದೆ. ಈ ಮೂರೂ ಕಾಗದದ ಮೇಲೆ ಬರಲಿ. ಇಲ್ಲವಾದರೆ ಇನ್ನೊಂದು ವರ್ಷ ಹೆಸರು ಅವರದ್ದು, ಕೆಲಸ ನಿಮ್ಮದು ಅಂತಾಗುತ್ತದೆ.

ಬಿಳಿಕೋಟು
ರಾತ್ರಿ ಫೋನ್ ವಿಚಾರ ಮರೆಯಲೇಬೇಡಿ. ನನಗೆ ಕೀಲಿಕೈ ಕೊಟ್ಟಮೇಲೂ ಎಂಟು ತಿಂಗಳು ಫೋನ್ ಬರುತ್ತಿತ್ತು.

ನೀಲಿಕೊಡೆ
ಎಲ್ಲರಿಗೂ ಹೇಳಬೇಕು, ನಿನ್ನೆ ಮಾತಾಡಿದೆ.

ಮೊದಲೇ ಮೇಲ್ ಹಾಕಿದ್ದೆ. ಎರಡು ವಿಷಯ ಹೇಳಿ ಅಂತಲೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಗಡಿಯಾರದ ಸದ್ದು ಕೇಳುತ್ತಿತ್ತು.

ಒಂದನೆಯದು, ಮುಂದಿನ ವರ್ಷ ದೂರು ದಾಖಲಿಸುವ ತಂತ್ರಾಂಶ ಬದಲಾಗುತ್ತದಂತೆ. ಬರುವವರು ಹಿಂದೆ ಒಂದು ಕಡೆ ಅದನ್ನು ಮಾಡಿಸಿದ್ದಾರೆ. ಇದು ಹುದ್ದೆಯ ವಿವರಣೆಯಲ್ಲಿ ಇರಲೇ ಇಲ್ಲ. ಹಾಗಂತ ಹೇಳಿದೆ. "ಹೌದು, ಬರೆಯಬೇಕಿತ್ತು" ಅಂದರು. ಎರಡನೆಯದು ನನ್ನ ಉತ್ತರಗಳು. ಅಂಕಪಟ್ಟಿಯಲ್ಲಿ ಎರಡು ಪ್ರಶ್ನೆಗೆ 2 ಬಿದ್ದಿದೆ. ಉಳಿದ ಇಬ್ಬರು ಪ್ಯಾನೆಲ್‌ನವರಿಗೆ ನನ್ನ ಕೆಲಸ ಗೊತ್ತಿರಲಿಲ್ಲ. ಸರ್ವರ್ ವಾರದಲ್ಲಿ ನಾನು ಏನು ಮಾಡಿದೆ ಅಂತ ಅವರಿಗೆ ಅರ್ಥವಾಗಲಿಲ್ಲವಂತೆ. ಹತ್ತನೇ ಬೆಂಚು ಹೇಳಿದ್ದು ಅಕ್ಷರಶಃ ಅದೇ.

ಆಮೇಲೆ ನಾನು ಕೇಳದೆಯೇ ಇನ್ನೊಂದು ಹೇಳಿದರು. "ನಿನ್ನನ್ನು ಮೇಲೆ ತೆಗೆದುಕೊಂಡರೆ ನಿನ್ನ ಜಾಗಕ್ಕೆ ಯಾರು ಅನ್ನುವ ಮಾತೂ ಬಂತು." ಇದು ನನಗೆ ತುಂಬ ಕೋಪ ತರಿಸಿದ ಮಾತು. ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಅಲ್ಲೇ ಇರು ಅಂದ ಹಾಗೆ. ಆ ಹೊತ್ತಿಗೆ ದನಿ ನಡುಗಿತು. ಆದರೂ ಹೇಳಿದೆ: "ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ನನಗೆ ಗೊತ್ತಾಗಬಾರದಿತ್ತು." ಅವರು ಕ್ಷಮೆ ಕೇಳಿದರು. ಮನಸ್ಸಿನಿಂದಲೇ ಕೇಳಿದರು ಅನ್ನಿಸಿತು.

ಹ್ಯಾಂಡೋವರ್ ಮೂರು ವಾರ ಅಂತ ಬರೆಸಿಕೊಂಡೆ. ರಾತ್ರಿ ಫೋನ್ ನಾಲ್ಕನೇ ವಾರದಿಂದ ಹೊಸಬರಿಗೆ. 7 ತಿಂಗಳ ವಿಚಾರ ಅಪ್ರೈಸಲ್‌ನಲ್ಲಿ ಹಾಕುತ್ತಾರೆ. ಭತ್ಯೆ ಬಗ್ಗೆ ಎಚ್‌ಆರ್ ಹತ್ತಿರ ಕೇಳಿ ಹೇಳುತ್ತೇನೆ ಅಂದಿದ್ದಾರೆ.

ನೇಮಕಾತಿಯವಳು
"ನಿನ್ನ ಜಾಗಕ್ಕೆ ಯಾರು" ಅನ್ನುವುದನ್ನು ಆಯ್ಕೆಯಲ್ಲಿ ಲೆಕ್ಕಕ್ಕೆ ತರಲೇಬಾರದು. ಅದು ಮ್ಯಾನೇಜರ್ ಸಮಸ್ಯೆ, ನಿಮ್ಮದಲ್ಲ. ಎಚ್‌ಆರ್ ಹತ್ತಿರ ಮಾತಾಡುವಾಗ ಇದನ್ನು ಖಂಡಿತ ಹೇಳಿ. ಇದು ದೂರು ಅಲ್ಲ, ಅವರಿಗೆ ಗೊತ್ತಿರಬೇಕಾದ ವಿಷಯ.

ಮೂರನೇಮಹಡಿ
ಹುದ್ದೆಯ ವಿವರಣೆಯಲ್ಲಿ ಇಲ್ಲದ್ದನ್ನು ಹಿಡಿದು ಆಯ್ಕೆ ಮಾಡಿದ್ದೂ ಸರಿಯಲ್ಲ. ಆದರೆ ಒಂದು ವಿಷಯ ಗಮನಿಸಿ. ತಂತ್ರಾಂಶ ಬದಲಾವಣೆ ಮುಂದಿನ ವರ್ಷ. ಆ ಕೆಲಸದಲ್ಲಿ ನಿಮ್ಮ ಹೆಸರು ಈಗಲೇ ಸೇರಿಸಿ ಅಂತ ಕೇಳಿ. ಆ ಅನುಭವ ಇಲ್ಲ ಅನ್ನುವ ಮಾತು ಮುಂದಿನ ಸಲ ಬರಬಾರದು.

ಕಾಗದದೋಣಿ
ಅಥವಾ ಆ ಅನುಭವ ತೆಗೆದುಕೊಂಡು ಬೇರೆ ಕಡೆ ಲೀಡ್ ಆಗಿ ಹೋಗಿ. ಹೊರಗಿನವರಿಗೆ 18 ಪ್ರತಿಶತ ಜಾಸ್ತಿ ಕೊಡುತ್ತಾರೆ ಅಂದರಲ್ಲ. ಆ ಹೊರಗಿನವರು ನೀವೇ ಆಗಿ.

ನೀಲಿಕೊಡೆ
ಎರಡನ್ನೂ ಯೋಚಿಸುತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆರು ಕತೆ ಬರೆಯಲು ಶುರು ಮಾಡಿದ್ದೇನೆ. ಮೂರು ಆಗಿವೆ. ಪ್ರತಿ ಸಾಲಿನಲ್ಲೂ "ನಾವು" ಹೊಡೆದು "ನಾನು" ಬರೆಯುತ್ತಿದ್ದೇನೆ. ಮೊದಲು ಕೈ ಬರುತ್ತಿರಲಿಲ್ಲ.

ದಾರಿಹೋಕ_27
ಒಂದು ಕೇಳಲಾ? ಬರುವವರಿಗೆ ನೀವೂ ಅರ್ಜಿ ಹಾಕಿದ್ದಿರಿ ಅಂತ ಹೇಳುತ್ತೀರಾ?

ನೀಲಿಕೊಡೆ
ಮೊದಲ ದಿನವೇ, ನಾನೇ ಹೇಳುತ್ತೇನೆ. ಬೇರೆ ಯಾರೋ ಹೇಳಿ ಗೊತ್ತಾಗುವುದು ಬೇಡ.

ಗಡಿಯಾರದಮುಳ್ಳು
ನಾನೂ ನನ್ನ ಮ್ಯಾನೇಜರ್‌ಗೆ ಇವತ್ತು ಹೇಳಿದೆ. "ಸರಿ, ಹಾಕು" ಅಂದರು. ಮುಖ ನೋಡಿದರೆ ಏನೂ ಗೊತ್ತಾಗಲಿಲ್ಲ. ಮುಂದಿನ ವಾರ ಇಂಟರ್ವ್ಯೂ. ಹತ್ತನೇ ಬೆಂಚು, ಆರು ಕತೆಯಲ್ಲಿ ಒಂದು ಸೋತ ಕತೆ ಇರಬಹುದಾ?

ಹತ್ತನೇ_ಬೆಂಚು
ಇರಲೇಬೇಕು. ಅದನ್ನು ಕೇಳೇ ಕೇಳುತ್ತಾರೆ. ಬರೆದು ಇಲ್ಲಿ ಹಾಕಿ, ನೋಡುತ್ತೇನೆ.